ಬಸಿದ ನೀರು

ಲೋಕಕ್ಕೆಲ್ಲ ವಾರದಲ್ಲಿ ಏಳು ದಿನ. ರಾಮಮ್ಮನಿಗೆ ಎರಡೇ ದಿನ: ಭಾನುವಾರ, ಸೋಮವಾರ. ಮಿಕ್ಕ ಐದನ್ನು ದೇವರು ನೋಡಿಕೊಳ್ಳುತ್ತಿದ್ದ, ಇಲ್ಲವೇ ಬಸವೇಶ್ವರನಗರದ ಡಯಾಲಿಸಿಸ್ ಸೆಂಟರಿನ ಮೆಷಿನ್ನು ನೋಡಿಕೊಳ್ಳುತ್ತಿತ್ತು. ಮಂಗಳವಾರ, ಗುರುವಾರ, ಶನಿವಾರ ಗಂಡ ಬೈರಯ್ಯನನ್ನು ಆಟೋದಲ್ಲಿ ಕೂರಿಸಿಕೊಂಡು ಕುರುಬರಹಳ್ಳಿಯಿಂದ ಹೊರಡುವುದು, ನಾಲ್ಕು ಗಂಟೆ ಹೊರಗಿನ ಬೆಂಚಿನ ಮೇಲೆ ಕೂರುವುದು, ರಕ್ತ ತೊಳೆಸಿಕೊಂಡು ಹಿಂಡಿದ ಬಟ್ಟೆಯ ಹಾಗಾಗಿರುವ ಆ ಮನುಷ್ಯನನ್ನು ಮತ್ತೆ ಆಟೋ ಹತ್ತಿಸುವುದು. ಆದರೆ ಶನಿವಾರ ಬಿಟ್ಟರೆ ಮಂಗಳವಾರದವರೆಗೆ ಮೆಷಿನ್ನಿಲ್ಲ. ಆ ಎರಡು ದಿನ ಬೈರಯ್ಯನ ಮೈಯಲ್ಲಿ ಸೇರಿದ್ದೆಲ್ಲ ಅಲ್ಲೇ ನಿಲ್ಲುತ್ತಿತ್ತು, ಮೋರಿ ಕಟ್ಟಿಕೊಂಡ ಬೀದಿಯಲ್ಲಿ ನೀರು ನಿಂತ ಹಾಗೆ. "ಜಾಸ್ತಿ ಜನ ಹೋಗೋದು ಈ ಎರಡು ದಿನದ ಗ್ಯಾಪಲ್ಲೇ ಕಣಕ್ಕ" ಎಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದ ಹೆಂಗಸೊಬ್ಬಳು ಒಮ್ಮೆ ಹೇಳಿದ್ದಳು. ಹೇಳಿದವಳ ಗಂಡ ಆಮೇಲೆ ಬರಲಿಲ್ಲ. ಅವಳೂ ಬರಲಿಲ್ಲ.

ಬೈರಯ್ಯ ಕಾಮಾಕ್ಷಿಪಾಳ್ಯದ ಲೇತ್ ಶೆಡ್ಡಿನಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆದವನು. ಸಕ್ಕರೆ ಕಾಯಿಲೆ, ಬೀಪಿ ಎರಡೂ ಸೇರಿ ಅವನ ಕಿಡ್ನಿಗಳನ್ನು ಸದ್ದಿಲ್ಲದೆ ತಿಂದು ಮುಗಿಸಿದ್ದವು. ಓದಿದ್ದು ನಾಲ್ಕನೇ ಕ್ಲಾಸು. ಬಾಯಲ್ಲಿದ್ದದ್ದು ಮುನ್ನೂರು ತತ್ವಪದ. ಪ್ರತಿ ಸೋಮವಾರ ಸಂಜೆ ಈಶ್ವರನ ಗುಡಿಯಲ್ಲಿ ಭಜನೆ. ಕೈಗೆ ತಾಳ ತೆಗೆದುಕೊಂಡು ಅವನು ಎತ್ತಿಕೊಟ್ಟರೆ ಮಿಕ್ಕ ಹತ್ತು ಜನ ಹಿಂದೆ ಹೋಗುತ್ತಿದ್ದರು. ರಾಮಮ್ಮ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಅವಳು ಹಾಡಿದವಳಲ್ಲ. ಕೇಳುವುದೇ ಅವಳ ಪೂಜೆ. ಮೂವತ್ತೈದು ವರ್ಷ ಕೇಳಿ ಕೇಳಿ ಯಾವ ಸಾಲಿನಲ್ಲಿ ಗಂಡ ಉಸಿರು ತೆಗೆದುಕೊಳ್ಳುತ್ತಾನೆ ಎಂಬುದು ಅವಳ ಎದೆಗೂ ಅಭ್ಯಾಸವಾಗಿ, ಅಲ್ಲಿ ಅವಳೂ ಉಸಿರು ತೆಗೆದುಕೊಳ್ಳುತ್ತಿದ್ದಳು. ಮಕ್ಕಳಿರಲಿಲ್ಲ. ಇದ್ದದ್ದು ಅವನು, ಅವನ ಪದ, ಇವಳ ಒಲೆ.

ಡಯಾಲಿಸಿಸ್ ಶುರುವಾದ ದಿನ ಸೆಂಟರಿನ ಟೆಕ್ನೀಷಿಯನ್ ಸಂಘಮಿತ್ರಾ ರಾಮಮ್ಮನನ್ನು ಪಕ್ಕಕ್ಕೆ ಕರೆದು ಅಡುಗೆಯ ಪಾಠ ಹೇಳಿದ್ದಳು. ಬಾಪೂಜಿ ನಗರದ ಹುಡುಗಿ, ಇಪ್ಪತ್ತಾರೋ ಇಪ್ಪತ್ತೇಳೋ ಇರಬೇಕು. ಸೂಜಿ ಚುಚ್ಚುವಾಗ ರೋಗಿಗಿಂತ ಮೊದಲು ತಾನೇ "ಸ್ಸ್" ಅನ್ನುವವಳು.

"ಸೊಪ್ಪು, ಕಾಳು, ತರಕಾರಿ ಎಲ್ಲದರಲ್ಲೂ ಪೊಟ್ಯಾಸಿಯಂ ಇರುತ್ತೆ ಅಮ್ಮ. ಅಪ್ಪಾಜಿಗೆ ಅದೇ ಶತ್ರು. ಅದಕ್ಕೆ ಸಣ್ಣಗೆ ಹೆಚ್ಚಿ, ಬಿಸಿನೀರಲ್ಲಿ ನೆನೆಹಾಕಿ, ಆಮೇಲೆ ಜಾಸ್ತಿ ನೀರಲ್ಲಿ ಬೇಯಿಸಿ ಬಸೀಬೇಕು. ಚೆನ್ನಾಗಿ ಬಸೀರಿ. ಎಳನೀರು, ಬಾಳೆಹಣ್ಣು ಮನೆ ಒಳಗೇ ತರಬೇಡಿ."

"ಬಸಿಯೋದನ್ನ ನನಗೆ ಹೇಳ್ಕೊಡ್ತೀಯಾ ತಾಯಿ?" ಎಂದು ರಾಮಮ್ಮ ನಕ್ಕಿದ್ದಳು. "ಬಸಿದೂ ಬಸಿದೂ ನನ್ ತಲೆ ನೆರೆತಿದೆ."

ಸಂಘಮಿತ್ರಾಳೂ ನಕ್ಕಳು. ನಗು ಮುಗಿದಾಗ ಪಾಠವೂ ಮುಗಿದಿತ್ತು.

ಅವತ್ತಿನಿಂದ ರಾಮಮ್ಮ ವ್ರತ ಹಿಡಿದವಳ ಹಾಗೆ ಬಸಿದಳು. ದಂಟಿನ ಸೊಪ್ಪನ್ನು ಸಣ್ಣಗೆ ಹೆಚ್ಚಿ ನೆನೆಹಾಕಿ, ಆ ನೀರನ್ನು ಬಚ್ಚಲಿಗೆ ಚೆಲ್ಲುತ್ತಿದ್ದಳು. ಅದು ತೊಳೆದ ನೀರು. ಬೇಳೆಯ ಜೊತೆ ಬೇಯಿಸಿ ಬಸಿದ ನೀರು ಹಾಗಲ್ಲ. ಅದು ಕಟ್ಟು. ಸೊಪ್ಪಿನ ಬಣ್ಣ, ಕಾಳಿನ ಸತ್ವ ಎಲ್ಲ ಇಳಿದಿರುವ ಕಟ್ಟನ್ನು ಚೆಲ್ಲುವ ಮನೆಯನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ. ಬಸಿದ ಸೊಪ್ಪಿಗೆ ಒಗ್ಗರಣೆ ಹಾಕಿದರೆ ಪಲ್ಯ. ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ ಹುರಿದು ರುಬ್ಬಿ ಹಾಕಿದರೆ ಬಸ್ಸಾರು. ಎರಡೂ ಒಂದೇ ಪಾತ್ರೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರು. ಡಾಕ್ಟರು ನೀರು ಕಮ್ಮಿ ಕುಡಿಯಬೇಕು ಅಂದಿದ್ದರಲ್ಲ, ಅದಕ್ಕೆಂದೇ ಅವಳು ಸಾರನ್ನು ಕುದಿಸಿ ಕುದಿಸಿ ಬತ್ತಿಸುತ್ತಿದ್ದಳು. ಒಂದು ಪಾತ್ರೆ ಕಟ್ಟು ಎರಡು ಸೌಟಿಗೆ ಇಳಿಯುತ್ತಿತ್ತು. ನಿಂಬೆಹಣ್ಣಿನ ಗಾತ್ರದ ಮುದ್ದೆ, ಒಂದು ಹಿಡಿ ಅನ್ನ, ಅದರ ಮೇಲೆ ಆ ಎರಡು ಸೌಟು. ಉಪ್ಪಿಲ್ಲ.

"ಉಪ್ಪಿಲ್ದಿದ್ರೂ ನಿನ್ ಬಸ್ಸಾರು ಬಸ್ಸಾರೇ ಕಣೆ ರಾಮಿ" ಎನ್ನುತ್ತಿದ್ದ ಬೈರಯ್ಯ. ಬಾಯಿರುಚಿಯೇ ಸತ್ತು ಹೋದ ಮನುಷ್ಯ ಬೆರಳು ನೆಕ್ಕುವುದನ್ನು ನೋಡಿ ಅವಳಿಗೆ ಹೊಟ್ಟೆ ತುಂಬುತ್ತಿತ್ತು.

ಮೊದಲ ಎಂಟು ತಿಂಗಳು ಹೇಗೋ ನಡೆಯಿತು. ಬೈರಯ್ಯನಿಗೆ ಇನ್ನೂ ಸ್ವಲ್ಪ ಮೂತ್ರ ಹೋಗುತ್ತಿತ್ತು. ಮೈಯೊಳಗಿನದು ಅಷ್ಟಾದರೂ ಹೊರಗೆ ಹರಿಯುತ್ತಿತ್ತು. ಕಾರ್ತೀಕದ ಹೊತ್ತಿಗೆ ಅದೂ ನಿಂತಿತು. ನಿಂತ ಮೂರನೇ ವಾರದ ಮಂಗಳವಾರ ಬೆಳಿಗ್ಗೆ ರಕ್ತದ ರಿಪೋರ್ಟು ನೋಡಿದ ಸಂಘಮಿತ್ರಾ ಡಾಕ್ಟರನ್ನು ಕರೆಯಲು ಒಳಗೆ ಓಡಿದಳು. ಬೈರಯ್ಯನ ಎದೆಗೆ ವೈರು ಅಂಟಿಸಿ ಇಸಿಜಿ ತೆಗೆದರು. ಡಾಕ್ಟರ್ ಅರುಣ್ ಕುಮಾರ್ ಆ ಉದ್ದನೆಯ ಗುಲಾಬಿ ಕಾಗದವನ್ನು ರಾಮಮ್ಮನ ಮುಂದೆ ಮೇಜಿನ ಮೇಲೆ ಹಾಸಿದರು.

"ನೋಡಿ ಅಮ್ಮ. ಮನುಷ್ಯನ ಹಾರ್ಟು ಓಡೋದು ಕರೆಂಟಲ್ಲಿ. ಆ ಕರೆಂಟು ಹುಟ್ಟೋದು ರಕ್ತದಲ್ಲಿರೋ ಉಪ್ಪುಗಳಿಂದ. ಪೊಟ್ಯಾಸಿಯಂ ಅನ್ನೋದು ಅದರಲ್ಲಿ ಒಂದು ಉಪ್ಪು. ಒಂದು ಅಳತೇಲಿದ್ರೆ ಹಾರ್ಟು ಸರಿಯಾಗಿ ಬಡಿಯುತ್ತೆ. ಇಲ್ಲಿ ನೋಡಿ."

ಪ್ರತಿ ಬಡಿತದ ಹಿಂದೆಯೂ ಒಂದೊಂದು ಗೆರೆ ಗುಡಾರದ ಹಾಗೆ ಚೂಪಾಗಿ ಎದ್ದು ನಿಂತಿತ್ತು.

"ಇದು ಇಷ್ಟೆತ್ತರ ಇರಬಾರದು. ಇನ್ನೂ ಏರಿದ್ರೆ ಗೆರೆ ಅಗಲ ಆಗುತ್ತೆ, ಒಂದಕ್ಕೊಂದು ಅಂಟಿಕೊಳ್ಳುತ್ತೆ, ಆಮೇಲೆ ನಿಂತು ಹೋಗುತ್ತೆ."

"ನಾನು ಉಪ್ಪೇ ಹಾಕಲ್ಲ ಸಾರ್. ಒಂದು ಹರಳೂ ಹಾಕಲ್ಲ."

"ಆ ಉಪ್ಪಲ್ಲಮ್ಮ. ಸೊಪ್ಪಲ್ಲಿ, ಹಣ್ಣಲ್ಲಿ ಇರೋದು."

"ಬೇಯಿಸಿ ಬಸಿದೇ ಕೊಡೋದು. ಈ ಹುಡುಗಿ ಹೇಳಿದ ದಿನದಿಂದ ಒಂದು ದಿನ ತಪ್ಪಿಲ್ಲ. ಬೇಕಾದ್ರೆ ಬಂದು ನೋಡಿ."

ಡಾಕ್ಟರು ಅವಳ ಮುಖ ನೋಡಿದರು. ಅಲ್ಲಿ ಸುಳ್ಳಿರಲಿಲ್ಲ. "ಹಾಗಾದ್ರೆ ಯಜಮಾನರು ಹೊರಗೆ ಎಲ್ಲೋ ತಿಂತಿದಾರೆ. ಬಾಳೆಹಣ್ಣು, ಎಳನೀರು, ಏನೋ ಒಂದು. ಏರೋದೂ ಅಪಾಯ, ಅದನ್ನ ಮೆಷಿನ್ನು ಸರಕ್ಕಂತ ಎಳೆಯೋದೂ ಅಪಾಯ. ಎರಡು ದಿನ ತುಂಬಿದ್ದು ನಾಲ್ಕು ಗಂಟೇಲಿ ಇಳಿದ್ರೆ ಹಾರ್ಟು ತಾಳ ತಪ್ಪುತ್ತೆ. ನಾವು ನಿಧಾನಕ್ಕೆ ಇಳಿಸ್ತೀವಿ. ನೀವು ಏರದ ಹಾಗೆ ನೋಡ್ಕೊಳ್ಳಿ."

ಹೊರಗೆ ಎಲ್ಲೋ. ಆ ಮಾತು ಮುಳ್ಳಿನ ಹಾಗೆ ಒಳಗೆ ಹೋಗಿ ಕೂತಿತು. ಬೈರಯ್ಯ ಹೊರಗೆ ಹೋಗುತ್ತಿದ್ದದ್ದು ಒಂದೇ ಕಡೆ. ಗುಡಿಯಲ್ಲಿ ಭಜನೆ ಮುಗಿದ ಮೇಲೆ ದೊನ್ನೆಯಲ್ಲಿ ಬಾಳೆಹಣ್ಣಿನ ರಸಾಯನ ಕೊಡುವ ಪದ್ಧತಿ. ಮಂಗಳಾರತಿ ಆಗುತ್ತಲೇ ರಾಮಮ್ಮ ಎದ್ದು ಮನೆಗೆ ಓಡುತ್ತಿದ್ದಳು, ಅವನು ಬರುವಷ್ಟರಲ್ಲಿ ಸಾರು ಬಿಸಿ ಮಾಡಿಡಲು. ಪ್ರಸಾದದ ಹೊತ್ತಿನಲ್ಲಿ ಅವಳು ಅಲ್ಲಿ ಇದ್ದದ್ದೇ ಇಲ್ಲ.

ಆಟೋದಲ್ಲೇ ಶುರು ಮಾಡಿದಳು. "ನಿನ್ನೆ ಏನ್ ತಿಂದೆ?"

"ನೀನು ಹಾಕಿದ್ದು."

"ಗುಡೀಲಿ?"

"ಒಂದು ಉದ್ಧರಣೆ ತೀರ್ಥ."

"ರಸಾಯನ?"

"ಕಣ್ಣಿಗೊತ್ಕೊಂಡೆ. ಮುನಿರಾಮಣ್ಣನ ಕೈಗಿಟ್ಟೆ. ಪ್ರಸಾದಾನ ಬೇಡ ಅನ್ನಬಾರದಲ್ಲ."

"ಬಾಯಿಗೆ ಹಾಕ್ಲಿಲ್ವಾ?"

"ಅಣ್ಣಾ, ಅಕ್ಕನ ಹತ್ರ ನಿಜ ಹೇಳ್ಬಿಡಿ," ಎಂದ ಆಟೋದವನು, ಹಿಂದೆ ತಿರುಗದೆ. "ನಮ್ಮನೇಲೂ ಹಿಂಗೇ. ಬೋಂಡಾ ತಿಂದ್ರೆ ಮೀಸೆ ಮೂಸಿ ಕಂಡು ಹಿಡೀತಾಳೆ."

ಬೈರಯ್ಯ ನಕ್ಕ. ರಾಮಮ್ಮ ನಗಲಿಲ್ಲ. ಆ ನಗುವಿನಲ್ಲೇ ಅವಳಿಗೆ ಕಳ್ಳ ಕಂಡ.

ಮುಂದಿನ ಮಂಗಳವಾರ ಮತ್ತೆ ಅದೇ ಗುಡಾರಗಳು. ಅದರ ಮುಂದಿನ ಸೋಮವಾರ ಅವಳು ಗುಡಿಯಲ್ಲಿ ಕಂಬಕ್ಕೆ ಒರಗಲಿಲ್ಲ. ಬಾಗಿಲಲ್ಲೇ ನಿಂತಿದ್ದು, ಪದ ಮುಗಿಯುವ ಮೊದಲೇ ಒಳಗೆ ನುಗ್ಗಿದಳು. ಮುನಿರಾಮಯ್ಯ ಭಜನೆಯ ಹಿರಿಯರು, ಎಪ್ಪತ್ತೆರಡರ ಮನುಷ್ಯ. ಪ್ರಸಾದದ ಪಾತ್ರೆ ಅವರ ಪಕ್ಕದಲ್ಲೇ ಇತ್ತು.

"ಮುನಿರಾಮಣ್ಣ, ನನ್ ಗಂಡಂಗೆ ಬಾಳೆಹಣ್ಣು ಕೊಡಬೇಡಿ ಅಂತ ಎಷ್ಟು ಸಲ ಹೇಳಿದೀನಿ?"

"ನಾವು ಕೊಟ್ಟಿದ್ದನ್ನ ಅವನು ನನ್ ಕೈಗೇ ಕೊಡ್ತಾನಮ್ಮ. ನಾನೇ ತಿಂತೀನಿ. ನನಗೆ ಎರಡು ದೊನ್ನೆ ಲಾಭ."

"ತಮಾಷೆ ಮಾಡಬೇಡಿ! ಅವನ ಎದೆ ಕಾಗದದ ಮೇಲೆ ಬಂದಿದೆ. ಶಿವನ ಹೆಸರು ಹೇಳ್ಕೊಂಡು ಅವನನ್ನ ಕೊಲ್ತಾ ಇದೀರಿ ನೀವೆಲ್ಲ. ಹಾಡೋಕೆ ಜನ ಬೇಕು ನಿಮಗೆ, ಅವನು ಇದ್ರೇನು ಸತ್ರೇನು?"

ತಾಳ, ತಂಬೂರಿ ಎಲ್ಲ ನಿಂತವು. ಹತ್ತು ಜನ ನೆಲ ನೋಡಿದರು. ಬೈರಯ್ಯ ತಾಳಗಳನ್ನು ಒಂದರ ಮೇಲೊಂದು ಸದ್ದಾಗದ ಹಾಗೆ ಇಟ್ಟು ಎದ್ದು ಬಂದ.

ಮನೆಗೆ ಬಂದವನು ಚಪ್ಪಲಿ ಬಿಟ್ಟು ನೇರ ದೇವರ ಮುಂದೆ ಹೋದ. ಹಿತ್ತಾಳೆ ತಟ್ಟೆಯ ಮೇಲೆ ಕರ್ಪೂರ ಇಟ್ಟು ಹಚ್ಚಿದ. ಅದು ಎದ್ದು ಉರಿಯುವವರೆಗೂ ಕಾದ. "ಪ್ರಸಾದ ನನ್ನ ಬಾಯಿಗೆ ಬಿದ್ದಿದ್ರೆ ಈ ಜ್ಯೋತಿ ಆರಿದ ಹಾಗೆ ನಾನೂ ಆರಿ ಹೋಗ್ಲಿ" ಎಂದು ಬಲಗೈಯ ಅಂಗೈಯನ್ನು ಉರಿಯ ಮೇಲೆ ಬಡಿದು ನಂದಿಸಿದ. ಅವರ ಪೈಕಿ ಇದಕ್ಕಿಂತ ದೊಡ್ಡ ಆಣೆ ಇಲ್ಲ. ಹೊಲದ ಜಗಳ, ಹೆಣ್ಣಿನ ಮಾನ, ಅಣ್ಣತಮ್ಮಂದಿರ ಪಾಲು, ಎಲ್ಲವೂ ಕರ್ಪೂರದ ಮುಂದೆ ಬಾಯಿ ಮುಚ್ಚಿಕೊಳ್ಳುತ್ತವೆ. ಆ ಮೇಲೆ ಯಾರೂ ಒಂದು ಮಾತು ಕೇಳುವುದಿಲ್ಲ.

ರಾಮಮ್ಮ ಕೇಳಿದಳು.

"ಕರ್ಪೂರಾನ ನೀನು ಆರಿಸಿದೆ. ಆ ಕಾಗದ ಬರೆದದ್ದು ಯಾರು? ನಿನ್ ಎದೇನೇ ಬರೆದಿದೆ. ನಾನು ಯಾವುದನ್ನ ನಂಬಲಿ?"

ಬೈರಯ್ಯ ಅವಳನ್ನು ನೋಡಿದ. ಅಂಗೈಯಲ್ಲಿ ಮಸಿ, ಮಸಿಯ ನಡುವೆ ಕೆಂಪು. "ಯಾವುದನ್ನಾದ್ರೂ ನಂಬು" ಎಂದು ಕೈ ತೊಳೆಯಲು ಹೋದ.

ಆಮೇಲೆ ಅವನು ಗುಡಿಗೆ ಹೋಗಲಿಲ್ಲ. ಸೋಮವಾರ ಸಂಜೆ ಗುಡಿಯ ಮೈಕು ಕೂಗಿದರೆ ಕಿಟಕಿಯ ಬಳಿ ಕೂರುತ್ತಿದ್ದ. ಒಂದೆರಡು ಸಾಲು ಬೆರಳು ಮಂಡಿಯ ಮೇಲೆ ತಾಳ ಹಾಕುತ್ತಿತ್ತು, ಆಮೇಲೆ ಅದೂ ಸುಮ್ಮನಾಗುತ್ತಿತ್ತು. ಒಳ್ಳೆಯದಕ್ಕೇ ಮಾಡಿದ್ದು ಎಂದು ರಾಮಮ್ಮ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆದರೂ ನೋಯಿಸಿದ್ದಂತೂ ನಿಜ. ಆ ನೋವಿಗೆ ಅವಳಿಗೆ ಗೊತ್ತಿದ್ದ ಮದ್ದು ಒಂದೇ. ಭಾನುವಾರ ದಂಟಿನ ಸೊಪ್ಪು, ಸೋಮವಾರ ಹುರುಳಿಕಾಳು. ಬೇಯಿಸಿ, ಬಸಿದು, ಕಟ್ಟನ್ನು ಇನ್ನೂ ಸ್ವಲ್ಪ ಹೆಚ್ಚೇ ಬತ್ತಿಸಿ, ಮೂರನೇ ಸೌಟೂ ಹಾಕುತ್ತಿದ್ದಳು. ಬೈರಯ್ಯ ಮೊದಲಿನ ಹಾಗೆ ಮೆಚ್ಚಿ ಮಾತಾಡುತ್ತಿರಲಿಲ್ಲ. ಆದರೆ ಉಣ್ಣುತ್ತಿದ್ದ. ಉಣ್ಣುವುದೊಂದೇ ಅವನಿಗೆ ಉಳಿದಿತ್ತು.

ಎರಡು ವಾರ ಹೀಗೆ ಹೋಯಿತು. ರಿಪೋರ್ಟು ಇಳಿಯಲಿಲ್ಲ. ಹಾಗಾದರೆ ಗುಡಿಯಲ್ಲಲ್ಲ, ಬೇರೆಲ್ಲೋ ತಿನ್ನುತ್ತಾನೆ ಎಂದು ರಾಮಮ್ಮ ಕಾಯುವುದನ್ನು ಇನ್ನೂ ಬಿಗಿ ಮಾಡಿದಳು. ಬೀದಿಯ ತುದಿಯ ಅಂಗಡಿಗೂ ಒಬ್ಬನನ್ನೇ ಬಿಡಲಿಲ್ಲ.

ಮೂರನೇ ಮಂಗಳವಾರ ಬೆಳಿಗ್ಗೆ ಬೈರಯ್ಯನಿಗೆ ಮಂಚದಿಂದ ಕಾಲು ಎತ್ತಿ ಇಡಲಾಗಲಿಲ್ಲ. "ಕಾಲಿಗೆ ಮರಳು ತುಂಬಿದಂಗಾಗಿದೆ" ಎಂದ. ಸೂಜಿ ಚುಚ್ಚಲೆಂದು ಅವನ ಎಡತೋಳಿನಲ್ಲಿ ಎರಡು ನರಗಳನ್ನು ಹೊಲಿದು ಕೂಡಿಸಿದ್ದರು. ಅಲ್ಲಿ ಬೆರಳಿಟ್ಟರೆ ರಕ್ತ ಜೇನ್ನೊಣದ ಹಾಗೆ ಝುಂಯ್‌ಗುಡುವುದು ಕೈಗೆ ತಿಳಿಯುತ್ತಿತ್ತು. ರಾಮಮ್ಮ ಬೆರಳಿಟ್ಟಳು. ಝುಂಯ್, ಝುಂಯ್, ಆಮೇಲೆ ಏನೂ ಇಲ್ಲ. ಎಣಿಸುವಷ್ಟು ಹೊತ್ತು ಏನೂ ಇಲ್ಲ. ಮತ್ತೆ ಝುಂಯ್. ಮೂವತ್ತೈದು ವರ್ಷ ಭಜನೆ ಕೇಳಿದವಳಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿರಲಿಲ್ಲ. ಅವಳು ಬರಿಗಾಲಲ್ಲೇ ಆಟೋಗೆ ಓಡಿದಳು.

ಸೆಂಟರಿನಲ್ಲಿ ಕಾಗದದ ಮೇಲೆ ಈ ಸಲ ಗುಡಾರಗಳೂ ಇರಲಿಲ್ಲ. ಗೆರೆಗಳು ಅಗಲವಾಗಿ, ಸೋತು, ಒಂದಕ್ಕೊಂದು ತಾಗಿಕೊಂಡು ನಡೆಯುತ್ತಿದ್ದವು. ಇಂಜೆಕ್ಷನ್ ಕೊಟ್ಟರು, ಮೆಷಿನ್ನು ಹಾಕಿದರು, ಡಾಕ್ಟರು ಪಕ್ಕದಲ್ಲೇ ನಿಂತರು. ಒಂದು ಗಂಟೆ ಹೊತ್ತು ಎಲ್ಲ ಸರಿಯಾಗಿತ್ತು. ಗಾಜಿನ ಬಾಗಿಲಿನಾಚೆ ಬೈರಯ್ಯ ಹೆಂಡತಿಯನ್ನು ನೋಡಿ ಗದ್ದ ಆಡಿಸಿದ, ಇದ್ದೀನಿ ಎನ್ನುವ ಹಾಗೆ. ಆಮೇಲೆ ಕೀಂಯ್ ಎಂದು ಸದ್ದು. ಪರದೆಯ ಮೇಲಿನ ಗೆರೆ ಮಗು ಗೀಚಿದ ಹಾಗೆ ದಿಕ್ಕುಗೆಟ್ಟಿತು. ಯಾರೋ ಓಡಿದರು, ಯಾರೋ ಅವನ ಅಂಗಿ ಹರಿದರು, ಎದೆಗೆ ಏನೋ ಒತ್ತಿದರು. ಬೈರಯ್ಯನ ಮೈ ಮಂಚದಿಂದ ಗೇಣುದ್ದ ಎಗರಿ ಬಿತ್ತು. ಮತ್ತೊಂದು ಸಲ ಎಗರಿ ಬಿತ್ತು. ಎರಡನೆಯದಕ್ಕೆ ಗೆರೆ ಮರಳಿತು. ರಾಮಮ್ಮ ಗಾಜಿಗೆ ಹಣೆಯೊತ್ತಿ ನಿಂತಿದ್ದಳು. ಬಾಯಲ್ಲಿ ಶಿವನ ಹೆಸರು ಬರುತ್ತಿತ್ತೋ ಇಲ್ಲವೋ ಅವಳಿಗೇ ಗೊತ್ತಿರಲಿಲ್ಲ.

ರಾಜಾಜಿನಗರದ ದೊಡ್ಡಾಸ್ಪತ್ರೆಯ ಐಸಿಯುಗೆ ಸಾಗಿಸಿದರು. ಮಾರನೆಯ ದಿನ ಡ್ಯೂಟಿ ಮುಗಿಸಿಕೊಂಡು ಸಂಘಮಿತ್ರಾ ಅಲ್ಲಿಗೇ ಬಂದಳು. ರಾಮಮ್ಮನಿಗೆ ಒಂದು ಲೋಟ ಕಾಫಿ ಹಿಡಿಸಿ ಪಕ್ಕದಲ್ಲಿ ಕೂತಳು.

"ಅಮ್ಮ, ಬೇಜಾರ್ ಮಾಡ್ಕೋಬೇಡಿ. ಸೋಮವಾರ ಅಪ್ಪಾಜಿ ಏನೇನು ತಿಂದ್ರು, ಬೆಳಿಗ್ಗೆಯಿಂದ ಹೇಳಿ."

"ಎಷ್ಟು ಸಲ ಹೇಳ್ಲವ್ವ. ಬೆಳಿಗ್ಗೆ ಎರಡು ಇಡ್ಲಿ. ಮಧ್ಯಾಹ್ನ ಒಂದು ಹಿಡಿ ಅನ್ನ, ಚೂರು ಮುದ್ದೆ, ಹುರುಳಿಕಾಳು ಪಲ್ಯ."

"ಹುರುಳಿಕಾಳು ಬಸಿದಿದ್ರಾ?"

"ಬಸೀದೆ ಹೆಂಗೆ ಕೊಡ್ಲಿ? ಕೈ ಸುಟ್ಕೊಂಡು ಬಸಿದಿದೀನಿ."

"ಸರಿ. ಅನ್ನಕ್ಕೆ ಏನು ಹಾಕಿದ್ರಿ?"

"ಸಾರು."

"ಯಾವ ಸಾರಮ್ಮ?"

"ಹುರುಳಿಕಾಳು ಬಸಿದ್ರೆ ಇನ್ಯಾವ ಸಾರು ಮಾಡ್ತಾರೆ? ಬಸ್ಸಾರು."

ಸಂಘಮಿತ್ರಾಳ ಕೈಯ ಪೆನ್ನು ಡಯಟ್ ಚಾರ್ಟಿನ ಮೇಲೆ ಹಾಗೇ ನಿಂತಿತ್ತು. ರಾಮಮ್ಮ ಅವಳ ಮುಖ ನೋಡಿದಳು. ಅದು ಬಣ್ಣಗೆಡುವುದನ್ನು ನೋಡಿದಳು. ಹುಡುಗಿ ಇನ್ನೂ ಒಂದು ಮಾತೂ ಆಡುವ ಮೊದಲೇ, ಏನು ಎಂದು ತಿಳಿಯದಿದ್ದರೂ, ಆಗಬಾರದ್ದು ತನ್ನ ಕೈಯಲ್ಲೇ ಆಗಿದೆ ಎಂದು ಅವಳಿಗೆ ತಿಳಿಯಿತು.

"ಕಾಳಲ್ಲಿರೋದೆಲ್ಲ ಆ ನೀರಿಗೇ ಇಳಿಯುತ್ತೆ ಅಮ್ಮ" ಎಂದಳು ಸಂಘಮಿತ್ರಾ ಮೆಲ್ಲಗೆ. "ಅದಕ್ಕೇ ಬಸಿಯೋದು. ಆ ನೀರು ಅಪ್ಪಾಜಿಗೆ ಹೋಗಬಾರದು ಅಂತಾನೇ ಬಸಿಯೋದು."

"ಬತ್ತಿಸ್ತಿದ್ದೆ" ಎಂದಳು ರಾಮಮ್ಮ. "ನೀರು ಜಾಸ್ತಿ ಆಗಬಾರದು ಅಂತ ಕುದಿಸಿ ಕುದಿಸಿ ಬತ್ತಿಸಿ ಕೊಡ್ತಿದ್ದೆ."

"ಚೆಲ್ಲಿ ಅಂತ ನಾನು ಹೇಳ್ಲೇ ಇಲ್ಲ. ಬಸೀರಿ ಅಂದೆ ಅಷ್ಟೆ. ನಮ್ಮಮ್ಮನೂ ಅದನ್ನೇ ಮಾಡೋದು, ಬಸಿದ್ರೆ ಬಸ್ಸಾರು. ನನಗಾದ್ರೂ ಹೊಳೀಬೇಕಿತ್ತು." ಹುಡುಗಿ ಯೂನಿಫಾರ್ಮಿನ ತೋಳಿನಲ್ಲಿ ಕಣ್ಣು ಒರೆಸಿಕೊಂಡಳು.

ರಾಮಮ್ಮನಿಗೆ ಅಳು ಬರಲಿಲ್ಲ. ಅವಳು ತನ್ನ ಬಲಗೈಯನ್ನು ನೋಡಿಕೊಳ್ಳುತ್ತಾ ಕೂತಳು. ಮೂವತ್ತೈದು ವರ್ಷ ಉಣ್ಣಿಸಿದ ಕೈ ಅದು.

ಆರನೇ ದಿನ ಅವನನ್ನು ಮನೆಗೆ ಕಳಿಸಿದರು. ಡಾಕ್ಟರ್ ಅರುಣ್ ಕುಮಾರ್ ಅವಳನ್ನು ಒಬ್ಬಳನ್ನೇ ಕರೆದು, ಮೊದಲೇ ಸೋತಿದ್ದ ಹೃದಯ ಈಗ ಇನ್ನೂ ಸೋತಿದೆ, ಪೊಟ್ಯಾಸಿಯಂ ಸರಿಯಾಗಿದ್ದರೂ ಇನ್ನು ಯಾವಾಗ ಬೇಕಾದರೂ ತಾಳ ತಪ್ಪಬಹುದು, ಅದಕ್ಕೆ ಎದೆಯೊಳಗೆ ಯಂತ್ರ ಕೂರಿಸುವ ಶಸ್ತ್ರಚಿಕಿತ್ಸೆಯನ್ನು ಆ ಮೈ ತಡೆಯುವುದಿಲ್ಲ ಎಂದರು. "ಸಾರಿನ ವಿಷಯ ಹುಡುಗಿ ಹೇಳಿದ್ಲು. ನಾನೂ ಕೇಳಬೇಕಿತ್ತು ಅಮ್ಮ. ಹೊರಗೆ ತಿಂತಿದಾರೆ ಅಂದುಬಿಟ್ಟೆ" ಎಂದು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

ಗಂಡನಿಗೆ ಹೇಳದೆ ಬಚ್ಚಿಡಬಹುದಿತ್ತು. ಅವನಿಗೆ ಯಾರೂ ಹೇಳಿರಲಿಲ್ಲ. ಆದರೆ ಕರ್ಪೂರದ ಆ ತಟ್ಟೆ ಗೂಡಿನಲ್ಲಿ ಇರುವ ಮನೆಯಲ್ಲಿ ಅವಳು ಹೇಗೆ ಸುಮ್ಮನಿದ್ದಾಳು? ಮನೆಗೆ ಬಂದ ದಿನವೇ ಮಂಚದ ಪಕ್ಕ ನೆಲದ ಮೇಲೆ ಕೂತು ಎಲ್ಲ ಹೇಳಿದಳು. ಕಟ್ಟು, ಬತ್ತಿಸಿದ್ದು, ಮೂರನೇ ಸೌಟು. ಹೇಳಿ ಅವನ ಪಾದ ಹಿಡಿದುಕೊಂಡಳು. ನೀರು ತುಂಬಿದ ಪಾದದಲ್ಲಿ ಅವಳ ಬೆರಳಿನ ಗುರುತು ಕುಳಿಯಾಗಿ ಉಳಿಯಿತು.

ಬೈರಯ್ಯ ಚಾವಣಿ ನೋಡುತ್ತಲೇ ಹೇಳಿದ.

"ಕರ್ಪೂರ ಆರಿಸಿ ಹೇಳಿದ್ನಲ್ಲೇ ರಾಮಿ."

"ಹೂಂ ಕಣಯ್ಯ."

"ಸಾರು ಗೊತ್ತಿಲ್ದೆ ಹಾಕ್ದೆ. ಅದಕ್ಕೇನು. ಯಾರಾದ್ರೂ ಹಾಕ್ತಿದ್ರು." ಅವನಿಗೆ ಉಸಿರು ಸಾಲದೆ ಮಾತು ನಿಂತಿತು. "ಕರ್ಪೂರಾನ ಗೊತ್ತಿದ್ದೇ ತಳ್ದೆ."

ಅಷ್ಟೇ. ಬೈದಿದ್ದರೆ, ಕಾಲಿನಲ್ಲಿ ಒದ್ದಿದ್ದರೆ ಅವಳು ಹಗುರಾಗುತ್ತಿದ್ದಳು. ಅವನು ಗೋಡೆ ಕಡೆ ತಿರುಗಿಕೊಂಡ.

ಸಂಜೆ ಅವಳು ಮುನಿರಾಮಯ್ಯನ ಮನೆಗೆ ಹೋಗಿ, ಸೊಸೆ ಮೊಮ್ಮಕ್ಕಳ ಎದುರಿಗೇ ತಪ್ಪಾಯಿತು ಎಂದಳು. ಆ ಹಿರಿಯರು ಅವಳ ಹಿಂದೆಯೇ ಬಂದು ಬೈರಯ್ಯನ ಪಕ್ಕ ಕೂತರು. "ಒಂದೇ ಸಾಲು ಎತ್ಕೊಡೋ ಬೈರ. ನೀನಿಲ್ದೆ ನಾವು ಕುರಿ ಮಂದೆ ಆಗೋಗಿದೀವಿ. ಬ್ಯಾ ಬ್ಯಾ ಅಂತೀವಿ, ಶಿವ ಕಿವಿ ಮುಚ್ಕೊಂಡಿದಾನೆ." ಬೈರಯ್ಯ ತುಟಿಯಂಚಿನಲ್ಲಿ ನಕ್ಕು, ಬಾಯಿ ತೆರೆದು, ಸಾಲಿನ ಅರ್ಧಕ್ಕೆ ಉಸಿರು ಕಡಿದು ನಿಂತ. ಯಾವ ಜಾಗದಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅದು ಇನ್ನೂ ಮೂರು ಮಾತು ಮುಂದಿತ್ತು. "ಆಗ್ತಿಲ್ಲ ಮುನಿರಾಮಣ್ಣ" ಎಂದ. ಅವರು ಅವನ ಕೈ ಸವರುತ್ತಾ ಕೂತಿದ್ದು ಎದ್ದು ಹೋದರು.

ಮಾರನೆಯ ದಿನ ಮಧ್ಯಾಹ್ನ ಅವಳು ತಟ್ಟೆ ತಂದಳು. ಅನ್ನ, ಎರಡು ನೀರಲ್ಲಿ ಬೇಯಿಸಿ ಬಸಿದ ಹೀರೇಕಾಯಿ. ತುತ್ತು ಮಾಡಿ ಬಾಯಿಯ ಹತ್ತಿರ ಹಿಡಿದಳು. ಬೈರಯ್ಯ ಬಾಯಿ ತೆರೆಯಲಿಲ್ಲ.

"ಇದು ತಿನ್ಬಹುದಾ?"

ಕೊಂಕಿಲ್ಲ, ಕೋಪವಿಲ್ಲ. ಆಸ್ಪತ್ರೆಯಲ್ಲಿ ಗುರುತಿಲ್ಲದ ನರ್ಸನ್ನು ಕೇಳುವ ಹಾಗೆ ಕೇಳಿದ.

"ತಿನ್ಬಹುದು ಕಣಯ್ಯ."

"ಆ ಹುಡುಗೀನ ಒಂದ್ ಮಾತು ಕೇಳು."

ಅವಳು ತುತ್ತನ್ನು ತಟ್ಟೆಗೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು ಫೋನು ಮಾಡಿದಳು. ಅವನಿಗೂ ಕೇಳಲಿ ಎಂದು ಸ್ಪೀಕರು ಹಾಕಿದಳು. ಏನು ಅಡುಗೆ, ಹೇಗೆ ಮಾಡಿದೆ ಎಂದು ಎಲ್ಲ ಒಪ್ಪಿಸಿದಳು. "ಕೊಡಿ ಅಮ್ಮ, ಏನಾಗಲ್ಲ" ಎಂದಿತು ಫೋನು. ಆಗ ಬೈರಯ್ಯ ಬಾಯಿ ತೆರೆದ.

ಅದೇ ನಡಾವಳಿಯಾಯಿತು. ಇಡ್ಲಿಗೂ ಫೋನು, ಅನ್ನಕ್ಕೂ ಫೋನು. ಸಂಘಮಿತ್ರಾ ಒಂದು ದಿನವೂ ಬೇಸರ ಮಾಡಲಿಲ್ಲ. ಸೂಜಿ ಹಿಡಿದ ಕೈಯಲ್ಲೇ ಕಿವಿಗೆ ಫೋನು ಸಿಕ್ಕಿಸಿಕೊಂಡು ಉತ್ತರ ಹೇಳುತ್ತಿದ್ದಳು. 'ಇನ್ನು ನನ್ನನ್ನು ನಂಬು' ಎಂದು ರಾಮಮ್ಮ ಒಂದು ದಿನವೂ ಕೇಳಲಿಲ್ಲ. ಕೇಳಲು ಬಾಯಿ ಎಲ್ಲಿತ್ತು? ನಿಜ ಹೇಳಬೇಕೆಂದರೆ ಒಲೆಯ ಮುಂದೆ ನಿಂತಾಗ ಅವಳಿಗೇ ಅವಳ ಕೈಯ ಮೇಲೆ ನಂಬಿಕೆ ಇರಲಿಲ್ಲ. ಅಕ್ಕಿ ತೊಳೆದ ನೀರು ಚೆಲ್ಲುವಾಗಲೂ ಇದು ಸರಿಯೇ ಎಂದು ಕೈ ತಡೆಯುತ್ತಿತ್ತು. ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಇದ್ದರು. ಅವನು ಔಷಧಿ ಕೇಳುತ್ತಿದ್ದ, ಅವಳು ಕೊಡುತ್ತಿದ್ದಳು. ರಾಮಿ ಎಂದು ಅವನು ಮತ್ತೆ ಕರೆಯಲಿಲ್ಲ.

ರಿಪೋರ್ಟುಗಳು ಮಾತ್ರ ಚೆನ್ನಾಗಿ ಬಂದವು. ಕಾಗದದ ಮೇಲೆ ಗುಡಾರಗಳಿಲ್ಲ. "ನೋಡಿ, ಎಷ್ಟು ಇಳಿದಿದೆ!" ಎಂದು ಸಂಘಮಿತ್ರಾ ತೋರಿಸಿದಾಗ ರಾಮಮ್ಮ ತಲೆಯಾಡಿಸಿದಳು. ಇಷ್ಟು ಸುಲಭವಿತ್ತೇ ಎಂದು ಆ ಕಾಗದವನ್ನು ಮತ್ತೊಮ್ಮೆ ನೋಡಿದಳು.

ಮನೆಗೆ ಬಂದ ಹದಿನಾರನೇ ದಿನ ಸೋಮವಾರ. ಮಧ್ಯಾಹ್ನ ಒಂದೂವರೆ ಇರಬಹುದು; ಬೀದಿಯಲ್ಲಿ ಯಾವನೋ ಕುಕ್ಕರ್ ರಿಪೇರಿ ಎಂದು ಕೂಗುತ್ತಾ ಹೋಗುತ್ತಿದ್ದ. ಬೈರಯ್ಯ ದಿಂಬಿಗೆ ಒರಗಿ ಕೂತಿದ್ದ. ಅವತ್ತು ಯಾಕೋ ಹಸಿವಾಗಿತ್ತು ಅವನಿಗೆ. "ಬೇಗ ತಾ" ಎಂದು ತಾನಾಗಿ ಕೇಳಿದ್ದ. ರಾಮಮ್ಮ ತಟ್ಟೆ ತಂದು ಅವನ ಮುಂದಿಟ್ಟು, ಫೋನು ಮಾಡಿ, ಸ್ಪೀಕರು ಹಾಕಿ ಮಂಚದ ಅಂಚಿನಲ್ಲಿಟ್ಟಳು. ಫೋನು ರಿಂಗಾಗುತ್ತಿತ್ತು. ಆ ಕಡೆ ಎತ್ತಲು ತಡವಾಯಿತು. ಬೈರಯ್ಯ ತಟ್ಟೆಯನ್ನೇ ನೋಡುತ್ತಿದ್ದ. ಅವನ ಕೈ ಅನ್ನದ ಕಡೆ ಸ್ವಲ್ಪ ಚಾಚಿತು, ತಡೆದು ನಿಂತಿತು. ಇನ್ನೊಂದು ರಿಂಗು. ಇನ್ನೊಂದು. ಅವನ ಗಂಟಲಿನಿಂದ ಗೊರಕೆಯಂಥ ಒಂದೇ ಒಂದು ಸದ್ದು ಬಂತು. ತಲೆ ದಿಂಬಿನ ಮೇಲೆ ಪಕ್ಕಕ್ಕೆ ಹೊರಳಿತು. ಕಣ್ಣು ತೆರೆದೇ ಇತ್ತು, ತಟ್ಟೆಯ ಮೇಲೆ.

ರಾಮಮ್ಮ ಅವನ ಎದೆಯ ಮೇಲೆ ಕೈಯಿಟ್ಟಳು. ಆಮೇಲೆ ಕಿವಿಯಿಟ್ಟಳು. ಕೇಳಿದಳು. ಬಹಳ ಹೊತ್ತು ಕೇಳಿದಳು.

"ಹೇಳಿ ಅಮ್ಮ, ಸಾರಿ, ಕೈಲಿ ಪೇಶೆಂಟ್ ಇದ್ರು," ಎಂದಿತು ಫೋನು. "ಇವತ್ತೇನು ಅಡುಗೆ?"

ರಾಮಮ್ಮ ಅವನ ಎದೆಯ ಮೇಲಿಂದ ತಲೆ ಎತ್ತಲಿಲ್ಲ. "ಸೋರೆಕಾಯಿ ಕಣವ್ವ" ಎಂದಳು. "ಎರಡು ಸಲ ಬೇಯಿಸಿದೀನಿ. ನೀರೆಲ್ಲ ಚೆಲ್ಲಿದೀನಿ. ಒಂದು ತೊಟ್ಟೂ ಇಟ್ಟಿಲ್ಲ."

"ಹಾಗಾದ್ರೆ ಕೊಡಿ ಅಮ್ಮ" ಎಂದಳು ಸಂಘಮಿತ್ರಾ. "ಏನೂ ಆಗಲ್ಲ."